ಕೊಟ್ಟ ಹಣವೂ ಬರೆದ ಲೆಕ್ಕವೂ

ಮನೆವಾರ್ತೆಯ ಲೆಕ್ಕಪತ್ರಗಳನ್ನು ಕುರಿತು ಈ ಪುಟದಲ್ಲಿ ನಾವು ತಿಂಗಳು ತಿಂಗಳೂ ಬರೆಯುತ್ತ ಬಂದಿರುವುದು ವಾಚಕರಿಗೆ ವಿದಿತವಾಗಿಯೇ ಇದೆ. ಈ ಸಲ ಸ್ವಲ್ಪ ಹೊಸದಾದ ವಿಷಯವನ್ನು ಎತ್ತಿಕೊಳ್ಳಬೇಕಾಗಿದೆ. ಮನೆಯಲ್ಲಿಯೇ ಹಪ್ಪಳ, ಸಂಡಿಗೆ, ಪುಡಿ, ಹೊಲಿಗೆ ಮುಂತಾದ ಸಣ್ಣ ಉದ್ಯಮಗಳನ್ನು ನಡೆಸುವ ಕುಟುಂಬಗಳು ನಮ್ಮ ಓದುಗರಲ್ಲಿ ಅನೇಕವಿವೆ. ಅವರಲ್ಲಿ ಕೆಲವರು ಲೆಕ್ಕ ಬರೆಯುವ ಕೆಲಸವನ್ನು ಈಗ ಎಐ ಏಜೆಂಟು ಎಂದು ಕರೆಯಿಸಿಕೊಳ್ಳುವ ಯಂತ್ರಬುದ್ಧಿಗೆ ಒಪ್ಪಿಸತೊಡಗಿದ್ದಾರೆ. ಸಾಮಾನು ಒದಗಿಸಿದವರಿಗೆ ನಾವು ಸಲ್ಲಿಸಿದ ಹಣವನ್ನು ಅದು ಪುಸ್ತಕಕ್ಕೆ ಹೇಗೆ ಏರಿಸುತ್ತದೆ, ಏರಿಸುವಾಗ ಎಲ್ಲಿ ಎಡವುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯಿಂದ ತಿಳಿಸುವೆವು. ಸಂಗತಿಯು ನಮಗೆ ಹೆಮ್ಮೆ ತರುವಂಥದಲ್ಲ. ಆದರೂ ಮುಚ್ಚಿಟ್ಟು ಫಲವಿಲ್ಲ.

ನಮ್ಮ ಅತ್ತಿಗೆಯವರು ಮೈಸೂರಿನಲ್ಲಿ ಏಳೆಂಟು ವರ್ಷಗಳಿಂದ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿಗಳನ್ನು ಮಾಡಿಸಿ ಮಾರುತ್ತಿದ್ದಾರೆ. ಮೊದಲು ಅಡಿಗೆಮನೆಯ ಮೂಲೆಯಲ್ಲಿ ನಡೆಯುತ್ತಿದ್ದ ಕೆಲಸವು ಈಗ ಹಿತ್ತಿಲ ಕೊಠಡಿಯನ್ನೆಲ್ಲ ಆಕ್ರಮಿಸಿದೆ. ಮೂವರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಮೆಣಸಿನಕಾಯಿ ಬರುವುದು ಹಾವೇರಿ ಜಿಲ್ಲೆಯ ಬ್ಯಾಡಗಿಯಿಂದ. ಬಣ್ಣ ಹೆಚ್ಚಾಗಿ ಖಾರ ಕಡಮೆಯಾದ ಆ ಸುಕ್ಕುಗಾಯಿಯ ಗುಣವನ್ನು ನಾವು ಹೇಳಬೇಕಾದುದಿಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಬೆಲ್ಲ ಮಂಡ್ಯದ್ದು, ಕೊತ್ತಂಬರಿ, ಜೀರಿಗೆ ಸಂತೇಪೇಟೆಯ ಅಂಗಡಿಯವು, ಪೊಟ್ಟಣಗಳನ್ನು ಅಚ್ಚುಹಾಕಿ ಕೊಡುವವರು ಬೆಂಗಳೂರಿನವರು. ಇವರೆಲ್ಲರೂ ಸಾಮಾನು ಮೊದಲು ಕಳುಹಿಸಿ, ಹಣವನ್ನು ಆಮೇಲೆ ಪಡೆಯತಕ್ಕವರು. ಅಂದಮೇಲೆ ಉದ್ಯಮದ ಬಂಡವಾಳದಲ್ಲಿ ಅರ್ಧವು ಇವರ ನಂಬಿಕೆಯೇ ಎಂದರೂ ಸಲ್ಲುವುದು.

ರಾತ್ರಿ ಊಟವಾದಮೇಲೆ ಅತ್ತಿಗೆಯವರು ಬಿಲ್ಲುಗಳನ್ನು ಮುಂದೆ ಹರಡಿಕೊಂಡು ಹನ್ನೊಂದು ಗಂಟೆಯವರೆಗೆ ಬರೆಯುತ್ತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ಅವರ ಮಗನಿಗೆ ಇದನ್ನು ನೋಡಲಾಗದೆ, 2025ರ ಸಂಕ್ರಾಂತಿಗೆ ಬಂದಾಗ ಲೆಕ್ಕದ ತಂತ್ರಾಂಶವೊಂದನ್ನು ಇರಿಸಿ, ಅದಕ್ಕೆ ಯಂತ್ರದ ಗುಮಾಸ್ತನನ್ನು ಜೋಡಿಸಿಕೊಟ್ಟನು. "ಇನ್ನು ನೀನು ಹೇಳಿದರೆ ಸಾಕಮ್ಮಾ, ಬರೆಯುವುದು ಅದರ ಪಾಲು," ಎಂದು ಅವನ ಭರವಸೆ.

ಈ ಜೋಡಣೆಯ ಸ್ವರೂಪವನ್ನು ತಿಳಿಯದೆ ಮುಂದಿನದು ತಿಳಿಯದು. ಏಜೆಂಟು ಎಂಬುದು ನಾವು ಆಡಿದ ಅಥವಾ ಬರೆದ ಮಾತನ್ನು ಗ್ರಹಿಸಿ, ಮಾಡಬೇಕಾದ ಕೆಲಸವೇನೆಂದು ಊಹಿಸುವ ಯಂತ್ರ. ಲೆಕ್ಕದ ಪುಸ್ತಕವು ಅದರ ಬಳಿ ಇಲ್ಲ. ಅದು ಬೇರೊಂದು ತಂತ್ರಾಂಶದಲ್ಲಿದೆ. ಎರಡರ ನಡುವೆ ಸಣ್ಣ ಗವಾಕ್ಷಿಗಳನ್ನು ತೆರೆದಿರುತ್ತಾರೆ. ಇವಕ್ಕೆ ಟೂಲುಗಳೆಂದು ಹೆಸರು. ಒಂದು ಗವಾಕ್ಷಿಯಲ್ಲಿ "ಬಾಕಿಯಿರುವ ಬಿಲ್ಲುಗಳನ್ನು ತೋರಿಸು" ಎಂದು ಕೇಳಬಹುದು. ಇನ್ನೊಂದರಲ್ಲಿ "ಸರಬರಾಜುದಾರರಿಗೆ ಸಲ್ಲಿಸಿದ ಹಣವನ್ನು ದಾಖಲು ಮಾಡು" ಎಂದು ಚೀಟಿ ಹಾಕಬಹುದು. ಚೀಟಿಯಲ್ಲಿ ಯಾರಿಗೆ, ಎಷ್ಟು, ಯಾವ ದಿನ, ಯಾವ ಬ್ಯಾಂಕಿನ ಖಾತೆಯಿಂದ, ಯಾವ ಬಿಲ್ಲಿನ ಬಾಬ್ತು, ಬ್ಯಾಂಕಿನ ಉಲ್ಲೇಖ ಸಂಖ್ಯೆ ಯಾವುದು ಎಂಬ ಮನೆಗಳಿರುತ್ತವೆ. ಎಲ್ಲ ಮನೆಗಳನ್ನೂ ತುಂಬಲೇಬೇಕೆಂಬ ಕಟ್ಟುಪಾಡು ಎಲ್ಲ ತಂತ್ರಾಂಶಗಳಲ್ಲಿಯೂ ಇಲ್ಲ. ನಮ್ಮ ಅನರ್ಥವು ಹುಟ್ಟಿದ್ದು ಇಲ್ಲಿಯೇ.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕು. ದಾಖಲು ಮಾಡುವುದು ಬೇರೆ, ಹಣ ಕೊಡುವುದು ಬೇರೆ. ಹಣವು ಹೋಗುವುದು ಬ್ಯಾಂಕಿನ ಮೂಲಕ, ಅತ್ತಿಗೆಯವರ ಬೆರಳಿನಿಂದ. ಗುಮಾಸ್ತನು ಬರೆಯುವುದು ಹಣವು ಹೋಯಿತೆಂಬ ಸುದ್ದಿಯನ್ನು ಮಾತ್ರ. ಸುದ್ದಿ ಸುಳ್ಳಾಗಬಹುದು.

ಬಿಲ್ಲು ಬಂದ ದಿನ ಪುಸ್ತಕದಲ್ಲಿ ಎರಡು ಕಡೆ ಬರೆಯಬೇಕಾಗುತ್ತದೆ. ಖರೀದಿಯ ಖಾತೆಯಲ್ಲಿ ಖರ್ಚು. ವರ್ತಕರ ಖಾತೆಯಲ್ಲಿ, ನಾವು ಅವರಿಗೆ ಕೊಡತಕ್ಕ ಬಾಕಿ ಎಂದು, ಜಮಾ. ಹಣ ಕೊಟ್ಟ ದಿನ ಖರೀದಿಯ ಖಾತೆಯನ್ನು ಮುಟ್ಟಲಾಗದು. ವರ್ತಕರ ಖಾತೆಯ ಬಾಕಿಯನ್ನು ಇಳಿಸಿ, ಬ್ಯಾಂಕಿನ ಶಿಲ್ಕನ್ನೂ ಅಷ್ಟೇ ಇಳಿಸತಕ್ಕದ್ದು. ಇದನ್ನರಿಯದ ಗುಮಾಸ್ತನು, ಮನುಷ್ಯನಾಗಲಿ ಯಂತ್ರವಾಗಲಿ, ಬ್ಯಾಂಕಿನ ಪಟ್ಟಿಯಲ್ಲಿ "ಮೆಣಸಿನಕಾಯಿ ವರ್ತಕರಿಗೆ" ಎಂದು ಕಂಡೊಡನೆ ಅದನ್ನು ಪುನಃ ಖರೀದಿಯೆಂದು ಬರೆದುಬಿಡುವುದುಂಟು. ಆಗ ಒಂದೇ ಮೂಟೆಯ ಮೆಣಸಿನಕಾಯಿಗೆ ಎರಡು ಮೂಟೆಯ ಖರ್ಚು ಕಾಣುವುದು. ವರ್ತಕರ ಬಾಕಿಯಂತೂ ಇದ್ದಲ್ಲಿಯೇ ಇರುವುದು. ನಮ್ಮಲ್ಲಿಯೂ ಮೊದಲ ತಿಂಗಳು ಬೆಲ್ಲದ ವಿಷಯದಲ್ಲಿ ಹೀಗಾಗಿ, ಚಟ್ನಿಪುಡಿಯಲ್ಲಿ ಲಾಭವೇ ಇಲ್ಲವೆಂದು ಅತ್ತಿಗೆಯವರು ಪೊಟ್ಟಣಕ್ಕೆ ಐದು ರೂಪಾಯಿ ಏರಿಸುವವರಿದ್ದರು. ಕೊಳ್ಳುವವರ ಪುಣ್ಯ, ಅಷ್ಟರಲ್ಲಿ ತಪ್ಪು ಕಂಡಿತು. ಆದರೆ ನಾವು ಹೇಳಹೊರಟದ್ದು ಇದಕ್ಕಿಂತ ದೊಡ್ಡದು.

2025ರ ಮಾರ್ಚ್ 4ರಂದು ಬ್ಯಾಡಗಿಯಿಂದ ಎಂಬತ್ತು ಕಿಲೋ ಮೆಣಸಿನಕಾಯಿ ಬಂದಿತು. ಕಿಲೋಗೆ 230 ರೂಪಾಯಿನಂತೆ 18,400, ತೆರಿಗೆ 920, ಒಟ್ಟು 19,320 ರೂಪಾಯಿ. ಬಿಲ್ಲಿನ ಸಂಖ್ಯೆ 112. ಅದೇ ತಿಂಗಳು 22ರಂದು ಪುನಃ ಅಷ್ಟೇ ಮಾಲು, ಅದೇ ದರ. ಬಿಲ್ಲಿನ ಸಂಖ್ಯೆ 131, ಮೊತ್ತ ಪುನಃ 19,320. ಮಾರ್ಚ್ 27ರಂದು ಅತ್ತಿಗೆಯವರು ಮೊದಲನೆಯ ಬಿಲ್ಲಿನ ಹಣವನ್ನು ಬ್ಯಾಂಕಿನಿಂದ ಕಳುಹಿಸಿ, "ಬ್ಯಾಡಗಿಯವರಿಗೆ ಹತ್ತೊಂಬತ್ತು ಸಾವಿರದ ಮುನ್ನೂರ ಇಪ್ಪತ್ತು ಕೊಟ್ಟಿದ್ದೇನೆ, ಬರೆದುಕೋ," ಎಂದು ಯಂತ್ರಕ್ಕೆ ತಿಳಿಸಿ ಒಗ್ಗರಣೆಯ ಕಡೆಗೆ ನಡೆದರು. ಯಾವ ಬಿಲ್ಲು ಎಂದು ಅವರು ಹೇಳಲಿಲ್ಲ, ಅದೂ ಕೇಳಲಿಲ್ಲ.

ಅನಂತರ ಎರಡು ತಿಂಗಳು ಮದುವೆ ಮುಂಜಿಗಳ ಗದ್ದಲ. ಮೇ ತಿಂಗಳ ಕೊನೆಯ ವಾರದಲ್ಲಿ ಬ್ಯಾಡಗಿಯ ಯಜಮಾನರಿಂದ ದೂರವಾಣಿ ಬಂದಿತು. ಅರುವತ್ತು ದಾಟಿದವರು, ಸಾವಧಾನದ ಮನುಷ್ಯರು. ಮಳೆ, ಬೆಳೆ, ಮೊಮ್ಮಕ್ಕಳ ಮಾತೆಲ್ಲ ಆದಮೇಲೆ, "ಅಕ್ಕಾರ, ಮಾರ್ಚಿನ ಎರಡನೇ ಬಿಲ್ಲಿಂದು ಇನ್ನಾ ಬಂದಂಗ ಕಾಣಂಗಿಲ್ರೀ," ಎಂದರು.

ಅತ್ತಿಗೆಯವರು ಪರದೆಯನ್ನು ತೆರೆದು ನೋಡಿದರು. 112 ಚುಕ್ತಾ, 131 ಚುಕ್ತಾ, ಬಾಕಿ ಸೊನ್ನೆ. "ಅದು ಮಾರ್ಚಿಯಲ್ಲಿಯೇ ಸಂದಿದೆಯಲ್ಲ ಯಜಮಾನರೆ. ನಮ್ಮ ಪುಸ್ತಕದಲ್ಲಿ ತಾರೀಖು ಸಹಿತ ಇದೆ. ನಿಮ್ಮ ಕಡೆಯೇ ಇನ್ನೊಮ್ಮೆ ನೋಡಿ," ಎಂದುಬಿಟ್ಟರು. ಮಾತಿನಲ್ಲಿ ಒರಟುತನವಿರಲಿಲ್ಲ, ಆದರೆ ಅದರ ಅರ್ಥವು ಒರಟಾಗಿಯೇ ಇದ್ದಿತು. ಆ ಹಿರಿಯರು ಒಂದು ಗಳಿಗೆ ಸುಮ್ಮನಿದ್ದು, "ಆಗಲ್ರೀ ಅಕ್ಕಾರ, ನೋಡ್ತೇನ್ರೀ," ಎಂದು ಇಟ್ಟರು.

ಆ ಒಂದು ಗಳಿಗೆಯ ಮೌನವು ಅತ್ತಿಗೆಯವರನ್ನು ರಾತ್ರಿಯೆಲ್ಲ ಕಾಡಿತೆಂದು ಅವರೇ ಹೇಳಿದರು. ಮರುದಿನ ಬೆಳಿಗ್ಗೆ ಬ್ಯಾಂಕಿನ ಪಟ್ಟಿಯನ್ನು ತೆಗೆದು ಸಾಲು ಸಾಲಾಗಿ ನೋಡಿದರು. ಮಾರ್ಚ್ 27ರಂದು ಹೋದದ್ದು 19,320, ಒಂದೇ ಸಲ. ಪುಸ್ತಕದಲ್ಲಿ ಅದೇ ದಿನ, ಎರಡು ನಿಮಿಷದ ಅಂತರದಲ್ಲಿ, ಎರಡು ಸಲ ಬರೆದಿತ್ತು!

ನಡೆದದ್ದನ್ನು ಮಗನು ಆಮೇಲೆ ಶೋಧಿಸಿದನು. ಯಂತ್ರವು ಚೀಟಿಯನ್ನು ಹಾಕಿತು, ತಂತ್ರಾಂಶವು ಬರೆದುಕೊಂಡಿತು, ಆದರೆ "ಬರೆದಾಯಿತು" ಎಂಬ ಮರುಮಾತು ಬರುವಷ್ಟರಲ್ಲಿ ಸಂಪರ್ಕವು ಕಡಿಯಿತು. ಉತ್ತರ ಬಾರದ್ದರಿಂದ, ಕೆಲಸವಾಗಲಿಲ್ಲವೆಂದು ಬಗೆದು ಯಂತ್ರವು ಅದೇ ಚೀಟಿಯನ್ನು ಎರಡನೆಯ ಸಲ ಹಾಕಿತು. ಬಿಲ್ಲಿನ ಮನೆ ಖಾಲಿಯಿದ್ದುದರಿಂದ ತಂತ್ರಾಂಶವು ತನ್ನ ರೂಢಿಯಂತೆ ಹಳೆಯ ಬಾಕಿಗೆ ಮೊದಲು ಸಲ್ಲಿಸಿತು: ಮೊದಲ ಚೀಟಿ 112ಕ್ಕೆ, ಎರಡನೆಯದು 131ಕ್ಕೆ. ಮೊತ್ತಗಳು ಒಂದೇ ಆದುದರಿಂದ ಎರಡೂ ಪೈಸೆಗೆ ಪೈಸೆ ಹೊಂದಿದುವು. ಎರಡನೆಯ ಬಿಲ್ಲು ಇಲ್ಲದೆ ಹೋಗಿದ್ದರೆ ವರ್ತಕರಿಗೆ ಹೆಚ್ಚು ಹಣ ಹೋದಂತೆ ಕಂಡು ಸಂಶಯವಾದರೂ ಹುಟ್ಟುತ್ತಿತ್ತು. ಇಲ್ಲಿ ತಪ್ಪು ಎಷ್ಟು ಅಚ್ಚುಕಟ್ಟಾಗಿ ಕುಳಿತಿತ್ತೆಂದರೆ ಜಮಾ ಖರ್ಚುಗಳೆರಡೂ ತಾಳೆಯಾಗಿದ್ದುವು. ಬಾಕಿಯೂ ಬ್ಯಾಂಕಿನ ಶಿಲ್ಕೂ ಎರಡೂ ಸಮವಾಗಿ 19,320 ಕಡಮೆಯಾದಮೇಲೆ ತಕ್ಕಡಿ ಏಕೆ ಓರೆಯಾದೀತು? ಎರಡೂ ಕಡೆ ಸರಿಬಂದಿತೆಂದು ಲೆಕ್ಕವನ್ನು ಮುಚ್ಚಿ ಮಲಗುವವರು ಇದನ್ನು ಗಮನಿಸಬೇಕು.

ಮನುಷ್ಯ ಗುಮಾಸ್ತನು ತಪ್ಪು ಮಾಡನೆಂದು ನಾವು ಹೇಳುವುದಿಲ್ಲ. ಆದರೆ ಅದೇ ಹೆಸರು, ಅದೇ ಮೊತ್ತ, ಮಸಿ ಆರುವ ಮುನ್ನ ಎರಡನೆಯ ಸಲ ಬರೆಯಹೊರಟರೆ ಅವನ ಕೈ ತಾನಾಗಿ ತಡೆಯುವುದು. ಯಂತ್ರಕ್ಕೆ ಆ ತಡವರಿಕೆಯನ್ನು ನಾವೇ ಕಟ್ಟಿಕೊಡಬೇಕು. ನಿನ್ನೆ ಬರೆದದ್ದು, ಪುಸ್ತಕವನ್ನು ತೆರೆದು ನೋಡೆಂದು ಹೇಳಿದ ಹೊರತು, ಇಂದು ಅದಕ್ಕೆ ನೆನಪಿರಬೇಕೆಂದೇನೂ ಇಲ್ಲ.

ಈ ತೊಂದರೆಯು ಹೊಸದೆಂದು ತಿಳಿಯಬಾರದು. 1494ರಲ್ಲಿ ವೆನಿಸ್ ನಗರದಲ್ಲಿ ಲೂಕಾ ಪಾಚಿಯೋಲಿ ಎಂಬ ಸಂನ್ಯಾಸಿಯು ಗಣಿತವನ್ನು ಕುರಿತ ಬೃಹದ್ಗ್ರಂಥವನ್ನು ಅಚ್ಚುಮಾಡಿಸಿದನು. ಅದರ ಒಂದು ಭಾಗದಲ್ಲಿ ಆ ಊರಿನ ವರ್ತಕರು ಅನುಸರಿಸುತ್ತಿದ್ದ ಜಮಾಖರ್ಚಿನ ಕ್ರಮವನ್ನು ವಿವರಿಸಿದ್ದಾನೆ. ವರ್ತಕನು ಮೂರು ಪುಸ್ತಕಗಳನ್ನಿಡಬೇಕು: ಕಚ್ಚಾ ಬರವಣಿಗೆಯದೊಂದು, ರೋಜುಕೀರ್ದಿಯೊಂದು, ಖಾತೆಯದೊಂದು. ರೋಜಿನಿಂದ ಖಾತೆಗೆ ಏರಿಸುವಾಗ, ಒಂದು ಕಡೆ ಏರಿಸಿದೊಡನೆ ರೋಜಿನ ಆ ಬರಹದ ಮೇಲೆ ಒಂದು ಗೆರೆ, ಇನ್ನೊಂದು ಕಡೆ ಏರಿಸಿದೊಡನೆ ಇನ್ನೊಂದು ಗೆರೆ ಎಳೆಯತಕ್ಕದ್ದೆಂದು ಅವನ ವಿಧಿ. ಗೆರೆ ಬಿದ್ದುದನ್ನು ಎರಡನೆಯ ಸಲ ಯಾರೂ ಏರಿಸರು. ನಮ್ಮ ಕಡೆಯ ಗುಮಾಸ್ತರು ಹಾಕುತ್ತಿದ್ದ ಗುರುತುಗಳಿಗೂ ಇದೇ ಪ್ರಯೋಜನ.

ಯಂತ್ರಕ್ಕೆ ಆ ಗೆರೆ ಯಾವುದು? ಬ್ಯಾಂಕಿನ ಉಲ್ಲೇಖ ಸಂಖ್ಯೆ. ಯುಪಿಐ ಮೂಲಕ ಹೋದ ಹಣಕ್ಕೆ 12 ಅಂಕಿಯದು, ನೆಫ್ಟ್ ಮೂಲಕ ಹೋದುದಕ್ಕೆ 16 ಅಕ್ಷರಾಂಕಗಳದು, ಹೀಗೆ ಪ್ರತಿಯೊಂದು ಪಾವತಿಗೂ ಒಂದೊಂದು ಸಂಖ್ಯೆಯಿದೆ. ದಾಖಲು ಮಾಡುವ ಗವಾಕ್ಷಿಯು ಈ ಸಂಖ್ಯೆಯಿಲ್ಲದ ಚೀಟಿಯನ್ನು ತಿರಸ್ಕರಿಸಬೇಕು. ಪುಸ್ತಕದಲ್ಲಿ ಆಗಲೇ ಇರುವ ಸಂಖ್ಯೆಯೊಡನೆ ಬಂದ ಚೀಟಿಗೆ "ಇದು ಆಗಿದೆ" ಎಂದಷ್ಟೇ ಹೇಳಿ ಹಿಂದಿರುಗಿಸಬೇಕು. ಆಗ ಚೀಟಿಯು ಒಂದು ಸಲ ಬಂದರೂ ಹತ್ತು ಸಲ ಬಂದರೂ ಪುಸ್ತಕದಲ್ಲಿ ಬರಹ ಒಂದೇ. ಈ ಗವಾಕ್ಷಿಗಳನ್ನು ಕಟ್ಟುವವರು ಇದನ್ನು ಅರಿಯದವರಲ್ಲ. ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ, 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆಯು ಪ್ರಕಟಿಸಿದ ಕ್ರಮದಲ್ಲಿ, 2025ರ ಮಾರ್ಚಿನಿಂದ, "ಇದು ಓದುವ ಕೆಲಸ ಮಾತ್ರ", "ಇದನ್ನು ಮತ್ತೊಮ್ಮೆ ಮಾಡಿದರೂ ಫಲ ಒಂದೇ" ಎಂಬಂಥ ಸೂಚನೆಗಳನ್ನು ಪ್ರತಿಯೊಂದು ಟೂಲಿಗೂ ಲಗತ್ತಿಸಲು ಅವಕಾಶವಿದೆ. ಆದರೆ ಅವು ಸೂಚನೆಗಳಷ್ಟೆ. ಡಬ್ಬಿಯ ಮೇಲೆ ಸಕ್ಕರೆ ಎಂದು ಬರೆದಿದ್ದರೆ ಒಳಗೆ ಉಪ್ಪಿರದೆಂದು ಹೇಳಲಾದೀತೆ? ಒಳಗೆ ತಂತ್ರಾಂಶವು ನಿಜವಾಗಿ ಹಾಗೆ ನಡೆಯುವುದೋ ಇಲ್ಲವೋ ಎಂದು ಕಟ್ಟಿಕೊಟ್ಟವರನ್ನು ಕೇಳಿಯೇ ತಿಳಿಯಬೇಕು.

ಗೆರೆಯಂತೆ ಬಾಬ್ತೂ ಮುಖ್ಯ. ಬೆಂಗಳೂರಿನ ಟ್ಯಾಲಿಯನ್ನು ಬಳಸುವ ಓದುಗರು ಬಲ್ಲರು: ಅದರಲ್ಲಿ ಬಿಲ್ಲುವಾರು ಲೆಕ್ಕವಿಡುವಾಗ ಪ್ರತಿಯೊಂದು ಮೊತ್ತಕ್ಕೂ ನಾಲ್ಕರಲ್ಲಿ ಒಂದು ಗುರುತನ್ನು ಕೊಡಬೇಕಾಗುತ್ತದೆ. ಹೊಸ ಬಿಲ್ಲು, ಇಂಥ ಬಿಲ್ಲಿಗೆ ಸಲ್ಲಿಸಿದ್ದು, ಮುಂಗಡ, ಇಲ್ಲವೇ ಬಿಲ್ಲನ್ನು ಹೇಳದೆ ಖಾತೆಗೆ ಹಾಕಿದ್ದು. ಈ ಕಡೆಯದಕ್ಕೆ ಅಲ್ಲಿ "ಆನ್ ಅಕೌಂಟ್" ಎಂದು ಹೆಸರು. ನಮ್ಮ ಅಭಿಪ್ರಾಯದಲ್ಲಿ ಅದು ಸೋಮಾರಿಗಳ ಆಶ್ರಯಸ್ಥಾನ. ಒಮ್ಮೊಮ್ಮೆ ಅಗತ್ಯವಾಗುವುದು ನಿಜ. ವರ್ತಕರು "ಸದ್ಯಕ್ಕೆ ಹತ್ತು ಸಾವಿರ ಕಳುಹಿಸಿ" ಎಂದಾಗ ಇನ್ನೇನು ಬರೆಯುವುದು? ಆದರೆ ತಿಂಗಳ ಕೊನೆಗೆ ಅದನ್ನು ಇಂಥ ಬಿಲ್ಲಿನದೆಂದು ಹಂಚದೆ ಬಿಟ್ಟರೆ ಯಾವ ಬಿಲ್ಲು ಎಷ್ಟು ದಿನದಿಂದ ನಿಂತಿದೆಯೆಂದು ತಿಳಿಯುವ ಬಗೆಯಿಲ್ಲ.

ಎಷ್ಟು ದಿನದಿಂದ ನಿಂತಿದೆಯೆಂಬುದು ಮರ್ಯಾದೆಯ ಪ್ರಶ್ನೆ ಮಾತ್ರವಲ್ಲ, ಕಾಯಿದೆಯ ಪ್ರಶ್ನೆಯೂ ಅಹುದು. 2006ರ ಸಣ್ಣ ಉದ್ದಿಮೆಗಳ ಕಾಯಿದೆಯಂತೆ, ನೋಂದಾಯಿಸಿದ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಯವರಿಂದ ಮಾಲು ಪಡೆದವರು ಬರಹದ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ, ಹಣವನ್ನು ಸಲ್ಲಿಸತಕ್ಕದ್ದು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ನಮ್ಮ ಪೊಟ್ಟಣ ಅಚ್ಚುಹಾಕುವವರು ಇಂಥ ನೋಂದಣಿಯುಳ್ಳವರು. ಬ್ಯಾಡಗಿಯ ಯಜಮಾನರು ಕೊಂಡು ಮಾರುವ ವರ್ತಕರು. 2021ರಲ್ಲಿ ಹೊರಟ ಆದೇಶವು ವರ್ತಕರಿಗೂ ನೋಂದಣಿಯನ್ನು ಕೊಟ್ಟಿತಾದರೂ ಅದರ ಅನುಕೂಲವನ್ನು ಬ್ಯಾಂಕುಗಳಿಂದ ಆದ್ಯತೆಯ ಸಾಲ ಪಡೆಯುವುದಕ್ಕೆ ಮಿತಗೊಳಿಸಿತು. ತಡವಾದ ಹಣಕ್ಕಾಗಿ ಈ ಬಡ್ಡಿಯ ರಕ್ಷೆ ಅವರಿಗಿಲ್ಲ. ಅವರ 19,320 ರೂಪಾಯಿಗೆ ಇದ್ದ ಕಾವಲು ನಮ್ಮ ಮನೆಯ ಪುಸ್ತಕ ಒಂದೇ; ಆ ಪುಸ್ತಕವೋ ಚುಕ್ತಾ ಎನ್ನುತ್ತಿತ್ತು.

ಈಗ ಮಾಡಿಕೊಂಡಿರುವ ಏರ್ಪಾಡನ್ನು ಹೇಳುವೆವು. ಯಂತ್ರದ ಗುಮಾಸ್ತನನ್ನು ತೆಗೆದುಹಾಕಲಿಲ್ಲ. ತೆಗೆದುಬಿಡಿರೆಂದು ಮೊದಲು ಸಲಹೆ ಮಾಡಿದವರು ನಾವೇ; ಆದರೆ ಅತ್ತಿಗೆಯವರು ಒಪ್ಪಲಿಲ್ಲ, ರಾತ್ರಿ ಹನ್ನೊಂದರ ಬರವಣಿಗೆಯನ್ನು ಪುನಃ ನೀವು ಬಂದು ಮಾಡುವಿರಾ ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಬಾಕಿಯ ಬಿಲ್ಲುಗಳನ್ನು ಓದುವ ಗವಾಕ್ಷಿಯು ಅದಕ್ಕೆ ಸದಾ ತೆರೆದಿದೆ. ದಾಖಲು ಮಾಡುವ ಗವಾಕ್ಷಿಯಲ್ಲಿ ಮಾತ್ರ ಅದು ಚೀಟಿಯನ್ನು ಸಿದ್ಧಪಡಿಸಿ ನಿಲ್ಲಬೇಕು. ಹೆಸರು, ಮೊತ್ತ, ಬಿಲ್ಲಿನ ಸಂಖ್ಯೆ, ಬ್ಯಾಂಕಿನ ಸಂಖ್ಯೆ ಇವನ್ನು ಅತ್ತಿಗೆಯವರು ಓದಿ ಒಪ್ಪಿದ ಮೇಲೆಯೇ ಬರಹ. ಒಂದೇ ಮೊತ್ತದ ಎರಡು ಬಿಲ್ಲುಗಳಿದ್ದರೆ ತಾನೇ ಆರಿಸದೆ ಕೇಳಬೇಕು. ಉತ್ತರ ಬಾರದಿದ್ದರೆ ಪುನಃ ಚೀಟಿ ಹಾಕುವ ಮುನ್ನ ಪುಸ್ತಕವನ್ನು ಓದಿ ನೋಡಬೇಕು. ಹಣ ಕಳುಹಿಸುವ ಅಧಿಕಾರವನ್ನು ಅದಕ್ಕೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಬರೆಯುವವನ ಕೈಗೇ ತಿಜೋರಿಯ ಬೀಗದಕೈ ಕೊಡಬಾರದೆಂಬುದನ್ನು ದೇವಸ್ಥಾನದ ಲೆಕ್ಕದಲ್ಲಿಯೂ ಪಾಲಿಸುತ್ತಾರಷ್ಟೆ.

ಶನಿವಾರ ಸಂಜೆ ಅತ್ತಿಗೆಯವರೇ ಬ್ಯಾಂಕಿನ ಪಟ್ಟಿಯನ್ನು ಪುಸ್ತಕದೊಡನೆ ತಾಳೆ ನೋಡುತ್ತಾರೆ. ಅರ್ಧ ಗಂಟೆ ಹಿಡಿಯುತ್ತದೆ. ಏಪ್ರಿಲಿನ ಮೊದಲ ಶನಿವಾರ ಹೀಗೆ ಮಾಡಿದ್ದರೆ ಆ ಹಿರಿಯರು ಎರಡು ತಿಂಗಳು ಕಾಯುತ್ತಿರಲಿಲ್ಲ, ಬಾಯಿಬಿಟ್ಟು ಕೇಳುವ ಸಂಕೋಚವೂ ಅವರಿಗೆ ತಪ್ಪುತ್ತಿತ್ತು. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬ ಸರಬರಾಜುದಾರರಿಂದಲೂ ಅವರ ಪುಸ್ತಕದಲ್ಲಿರುವ ನಮ್ಮ ಖಾತೆಯ ಪ್ರತಿಯನ್ನು ತರಿಸುವ ರೂಢಿಯನ್ನೂ ಹಾಕಿಕೊಂಡಿದ್ದಾರೆ.

ಹಳೆಯ ತಪ್ಪು ಬರಹವನ್ನು ಅಳಿಸಲಿಲ್ಲವೆಂಬುದನ್ನೂ ಹೇಳಬೇಕು. ಮಗನು ಅಳಿಸಹೊರಟಿದ್ದನು. ಅತ್ತಿಗೆಯವರು ತಡೆದು, ಎದುರುಬರಹವೊಂದನ್ನು ಬರೆಯಿಸಿ, "ಮಾರ್ಚ್ 27ರ ಎರಡನೆಯ ದಾಖಲೆ ತಪ್ಪಿನಿಂದ ಆದದ್ದು" ಎಂದು ಷರಾ ಹಾಕಿಸಿದರು. ಕಂಪನಿಗಳಿಗಾದರೆ, ತಿದ್ದಿದುದೆಲ್ಲದರ ಜಾಡನ್ನು ಉಳಿಸಿಕೊಳ್ಳುವ ತಂತ್ರಾಂಶವನ್ನೇ ಬಳಸಬೇಕೆಂದು 2023ರ ಏಪ್ರಿಲ್ 1ರಿಂದ ನಿಯಮವೇ ಇದೆ. ಮನೆಯ ಉದ್ಯಮಕ್ಕೆ ಆ ಕಟ್ಟಳೆ ಇಲ್ಲವಾದರೂ, ಮುಂದೆ ಯಾರಾದರೂ ಕೇಳಿದರೆ ತೋರಿಸಲು ಒಂದು ಗುರುತು ಬೇಕೆಂದು ಅವರ ಮತ.

ತಪ್ಪು ತಿಳಿದ ದಿನವೇ ಹಣ ಹೋಯಿತು. ಅತ್ತಿಗೆಯವರು ತಾವೇ ಕರೆದು, "ತಪ್ಪು ನಮ್ಮದು ಯಜಮಾನರೆ, ನಿಮ್ಮ ಮಾತನ್ನು ನಂಬಬೇಕಾಗಿತ್ತು. ಎರಡು ತಿಂಗಳ ಬಡ್ಡಿ ಹೇಳಿ," ಎಂದರು. ಅವರು ಬಡ್ಡಿಯ ಮಾತನ್ನು ಎತ್ತಗೊಡಲಿಲ್ಲ. "ಯಂತ್ರ ಬರದದ್ದಕ್ಕ ನೀವ್ಯಾಕ ಬಡ್ಡಿ ಕೊಡ್ತೀರಿ ಅಕ್ಕಾರ?" ಎಂದು ನಕ್ಕರಂತೆ. ಆಗಸ್ಟಿನಲ್ಲಿ ಮುಂದಿನ ಮಾಲು ಎಂದಿನಂತೆ ಉದ್ರಿಯ ಮೇಲೆಯೇ ಬಂದಿತು. ಆದರೆ ಅಚ್ಚಾದ ಬಿಲ್ಲಿನ ಮೇಲೆ, ಸಂಖ್ಯೆಯ ಸುತ್ತ, ಕೆಂಪು ಮಸಿಯಲ್ಲಿ ಕೈಯಿಂದ ಎಳೆದ ದೊಡ್ಡದೊಂದು ಸುತ್ತುಗೆರೆ ಇದ್ದಿತು. ಅಂದಿನಿಂದ ಅವರ ಎಲ್ಲ ಬಿಲ್ಲುಗಳೂ ಹಾಗೆಯೇ ಬರುತ್ತಿವೆ.